ವಿಮಾನ ನಡೆಸುವ ವಿದ್ಯೆ: ಲೈಸೆನ್ಸು ಪಡೆಯುವ ಬಗೆ

ಹೈದರಾಬಾದಿನಲ್ಲಿ ಬಾಳುವ ನಮಗೆ ವಿಮಾನವು ಹೊಸ ವಸ್ತುವಲ್ಲ. ಬೇಗಂಪೇಟೆಯ ಕಡೆ ಬಾಡಿಗೆ ಮನೆ ಹಿಡಿದವರು, ಶಂಷಾಬಾದಿನ ದಾರಿಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವವರು, ದುಂಡಿಗಲ್ಲಿನ ಸುತ್ತಮುತ್ತ ಕಾರ್ಖಾನೆಗಳಲ್ಲಿ ದುಡಿಯುವವರು, ಎಲ್ಲರೂ ದಿನವೂ ತಲೆಯ ಮೇಲೆ ಅದರ ಸದ್ದನ್ನು ಕೇಳುತ್ತಾರೆ. ಆದರೆ ಅದನ್ನು ನಡೆಸುವ ವಿದ್ಯೆ ಎಂತಹದು, ಅದನ್ನು ಕಲಿಯುವವರು ಯಾರು, ಲೈಸೆನ್ಸು ಕೊಡುವವರು ಯಾರು ಎಂಬುದನ್ನು ಬಲ್ಲವರು ನಮ್ಮಲ್ಲಿ ಕಡಮೆ. ಕೆಲವರು ಅದು ಶ್ರೀಮಂತರ ಆಟವೆಂದು ದೂರವೇ ಇಡುತ್ತಾರೆ. ಮತ್ತೆ ಕೆಲವರು ಪತ್ರಿಕೆಯ ಜಾಹೀರಾತನ್ನು ನಂಬಿ, ಮಗನನ್ನೋ ಮಗಳನ್ನೋ ಪೈಲಟ್ ಮಾಡಿಸುವೆವೆಂದು ಊರಿನ ಹೊಲವನ್ನು ಅಡವಿಡಲು ಹೊರಡುತ್ತಾರೆ. ಈ ಎರಡೂ ಅವಸರದ ನಿರ್ಧಾರಗಳೇ.

ಆದುದರಿಂದ ಈ ಸಂಚಿಕೆಯ ಪಾಠಕ್ಕೆ ನಾವು ಇದೇ ವಿಷಯವನ್ನು ಆರಿಸಿಕೊಂಡಿದ್ದೇವೆ. ಮೊದಲೇ ಒಂದು ಮಾತನ್ನು ಹೇಳಿಬಿಡುತ್ತೇವೆ. ವಿಮಾನ ಚಾಲಕನ ಲೈಸೆನ್ಸು ಕೊಂಡು ತರುವ ಸರಕಲ್ಲ; ಗಂಟೆಗೆ ಗಂಟೆ ಕೂಡಿಸಿ ತುಂಬಿಸುವ ಲೆಕ್ಕ. ಹಣವಿದ್ದರೆ ವಿಮಾನ ದೊರೆಯುತ್ತದೆ, ಶಿಕ್ಷಕರೂ ದೊರೆಯುತ್ತಾರೆ; ಗಂಟೆಗಳನ್ನು ಮಾತ್ರ ಕಲಿಯುವವನು ತಾನೇ ಹಾರಿ ಗಳಿಸಬೇಕು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕೆಂದು ಕೋರುತ್ತೇವೆ.

೧. ಹಿಂದಿನ ಕಥೆ

ಭಾರತದಲ್ಲಿ ವಿಮಾನ ಚಾಲನೆಯ ಲೈಸೆನ್ಸನ್ನು ಮೊದಲು ಪಡೆದವರು ಜೆ. ಆರ್. ಡಿ. ಟಾಟಾ. ಮುಂಬಯಿಯ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಕಲಿತು, ೧೯೨೯ರ ಫೆಬ್ರವರಿ ೧೦ರಂದು ಅವರು ಒಂದನೆಯ ನಂಬರಿನ ಲೈಸೆನ್ಸನ್ನು ಪಡೆದರು. ೧೯೩೨ರ ಅಕ್ಟೋಬರ್ ೧೫ರಂದು ಟಪ್ಪಾಲಿನ ಚೀಲಗಳನ್ನು ಹೊತ್ತ ಪುಟ್ಟ ವಿಮಾನವನ್ನು ಕರಾಚಿಯಿಂದ ಮುಂಬಯಿಗೆ ಅವರೇ ನಡೆಸಿಕೊಂಡು ಬಂದರು. ಅಲ್ಲಿಂದ ಆ ಟಪ್ಪಾಲನ್ನು ಮದರಾಸಿಗೆ ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ದಾರಿಯಲ್ಲಿ ಅವರು ಇಳಿದ ಊರು ಯಾವುದು? ನಮ್ಮ ಬಳ್ಳಾರಿ! ಭಾರತದ ಮೊದಲ ದೇಶೀಯ ವಿಮಾನ ಮಾರ್ಗ ಕನ್ನಡ ನೆಲವನ್ನು ಮುಟ್ಟಿಯೇ ಮುಂದೆ ಹೋಯಿತೆಂಬುದನ್ನು ನಮ್ಮವರು ಮರೆಯಬಾರದು.

ಹೈದರಾಬಾದಿನಲ್ಲಿ ಈ ವಿದ್ಯೆ ಬೇರೂರಿದ್ದು ೧೯೩೦ರ ದಶಕದಲ್ಲಿ. ನಿಜಾಮರ ಕಾಲದಲ್ಲಿ ಇಲ್ಲಿ ಏರೋ ಕ್ಲಬ್ ಹುಟ್ಟಿತು. ಬೇಗಂಪೇಟೆಯ ಬಯಲು ವಿಮಾನ ನಿಲ್ದಾಣವಾಯಿತು. ೧೯೪೫ರಲ್ಲಿ ನಿಜಾಮ ಸರಕಾರವೂ ಟಾಟಾ ಸಂಸ್ಥೆಯೂ ಕೂಡಿ ಡೆಕ್ಕನ್ ಏರ್‌ವೇಸ್ ಎಂಬ ಕಂಪನಿಯನ್ನು ಸ್ಥಾಪಿಸಿದವು. ಅದರ ಡಕೋಟಾ ವಿಮಾನಗಳು ಬೇಗಂಪೇಟೆಯಿಂದ ಹಾರುತ್ತಿದ್ದವು. ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ಆಗ ಇದೇ ಸಂಸ್ಥಾನದ ಭಾಗಗಳಾಗಿದ್ದವಾದ್ದರಿಂದ ಇದು ನಮ್ಮ ಹಿರಿಯರ ರಾಜಧಾನಿಯ ಕಥೆಯೂ ಹೌದು.

ಈ ಕಂಪನಿಯ ಹೆಸರು ಉಳಿದಿರುವುದು ಒಬ್ಬ ಹೆಣ್ಣುಮಗಳಿಂದ. ಪ್ರೇಮ್ ಮಾಥುರ್ ಎಂಬವರು ಅಲಹಾಬಾದಿನ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಕಲಿತು ೧೯೪೭ರಲ್ಲಿ ವಾಣಿಜ್ಯ ಚಾಲಕರ ಲೈಸೆನ್ಸನ್ನು ಪಡೆದರು. ಲೈಸೆನ್ಸು ಕೈಯಲ್ಲಿ ಹಿಡಿದು ಎಂಟು ಕಂಪನಿಗಳ ಬಾಗಿಲು ತಟ್ಟಿದರು. ಹೆಂಗಸು ನಡೆಸುವ ವಿಮಾನವನ್ನು ಹತ್ತಲು ಪ್ರಯಾಣಿಕರು ಹೆದರುವರೆಂದು ಹೇಳಿ ಅವರನ್ನು ಹಿಂದಕ್ಕೆ ಕಳುಹಿಸಿದರು. ಕೊನೆಗೆ ಕೆಲಸ ಕೊಟ್ಟದ್ದು ಹೈದರಾಬಾದಿನ ಡೆಕ್ಕನ್ ಏರ್‌ವೇಸ್. ಭಾರತದಲ್ಲಿ ವಿಮಾನ ಕಂಪನಿಯ ಚಾಲಕಿಯಾದ ಮೊದಲ ಮಹಿಳೆ ಅವರೇ. ೧೯೪೯ರಲ್ಲಿ ಅವರು ರಾಷ್ಟ್ರೀಯ ವಿಮಾನ ಪಂದ್ಯವನ್ನೂ ಗೆದ್ದರು. ೧೯೫೩ರ ಆಗಸ್ಟಿನಲ್ಲಿ ಸರಕಾರವು ಎಂಟು ಕಂಪನಿಗಳನ್ನು ಒಂದುಗೂಡಿಸಿ ಇಂಡಿಯನ್ ಏರ್‌ಲೈನ್ಸ್ ಮಾಡಿದಾಗ ಡೆಕ್ಕನ್ ಏರ್‌ವೇಸ್ ಅದರಲ್ಲಿ ಸೇರಿಹೋಯಿತು.

೨೦೦೮ರ ಮಾರ್ಚಿನಲ್ಲಿ ಶಂಷಾಬಾದಿನ ಹೊಸ ನಿಲ್ದಾಣ ತೆರೆಯಿತು. ಪ್ರಯಾಣಿಕರ ವಿಮಾನಗಳು ಅಲ್ಲಿಗೆ ಹೋದವು. ಆದರೆ ಬೇಗಂಪೇಟೆಗೂ ಹಾರಾಟದ ಶಿಕ್ಷಣಕ್ಕೂ ಇರುವ ನಂಟು ಕಡಿಯಲಿಲ್ಲ. ತೆಲಂಗಾಣ ಸ್ಟೇಟ್ ಏವಿಯೇಷನ್ ಅಕಾಡೆಮಿ ಇರುವುದು ಅಲ್ಲಿಯೇ.

೨. ವಿಮಾನ ಹಾರುವುದೇಕೆ?

ಸಂಕ್ರಾಂತಿಯ ದಿನಗಳಲ್ಲಿ ಈ ಊರಿನ ಮಾಳಿಗೆಗಳ ಮೇಲೆ ಗಾಳಿಪಟ ಹಾರಿಸುವುದನ್ನು ಎಲ್ಲರೂ ನೋಡಿದ್ದಾರೆ. ಪಟವನ್ನು ಗಾಳಿಗೆ ಸ್ವಲ್ಪ ಓರೆಯಾಗಿ ಹಿಡಿದಾಗ, ಬರುವ ಗಾಳಿ ಅದಕ್ಕೆ ತಗುಲಿ ಕೆಳಕ್ಕೆ ತಿರುಗುತ್ತದೆ. ಗಾಳಿಯನ್ನು ಕೆಳಕ್ಕೆ ತಳ್ಳಿದ ಪಟ ತಾನು ಮೇಲಕ್ಕೆ ಏರುತ್ತದೆ. ವಿಮಾನದ ರೆಕ್ಕೆಯ ತತ್ತ್ವವೂ ಇದೇ. ಪಟಕ್ಕೆ ಗಾಳಿ ತಾನಾಗಿ ಬೀಸಬೇಕು; ವಿಮಾನವು ಎಂಜಿನ್ನಿನ ಬಲದಿಂದ ಮುಂದಕ್ಕೆ ಓಡಿ ತನಗೆ ಬೇಕಾದ ಗಾಳಿಯನ್ನು ತಾನೇ ಮಾಡಿಕೊಳ್ಳುತ್ತದೆ. ರೆಕ್ಕೆಯ ಮೇಲುಭಾಗದ ಬಾಗು ಈ ಕೆಲಸವನ್ನು ಇನ್ನಷ್ಟು ಚೆನ್ನಾಗಿ ಮಾಡಿಸುತ್ತದೆ.

ಹೀಗೆ ಹಾರುವ ವಿಮಾನದ ಮೇಲೆ ನಾಲ್ಕು ಬಲಗಳು ಕೆಲಸ ಮಾಡುತ್ತವೆ: ಮೇಲಕ್ಕೆ ಎತ್ತುವ ಬಲ, ಕೆಳಕ್ಕೆ ಎಳೆಯುವ ಭಾರ, ಮುಂದಕ್ಕೆ ನೂಕುವ ಎಂಜಿನ್ನಿನ ಬಲ, ಹಿಂದಕ್ಕೆ ಹಿಡಿಯುವ ಗಾಳಿಯ ತಡೆ. ಮಟ್ಟವಾಗಿ, ಒಂದೇ ವೇಗದಲ್ಲಿ ಹೋಗುವಾಗ ಈ ನಾಲ್ಕೂ ತೂಗಿದಂತೆ ಸಮವಾಗಿರುತ್ತವೆ.

ನಡೆಸುವ ಸಾಧನಗಳು ಮುಖ್ಯವಾಗಿ ಮೂರು. ಬಾಲದ ಅಡ್ಡ ಹಲಗೆಯಲ್ಲಿರುವ ಎಲಿವೇಟರ್ ವಿಮಾನದ ಮೂಗನ್ನು ಮೇಲೆ ಕೆಳಗೆ ಮಾಡುತ್ತದೆ. ರೆಕ್ಕೆಗಳ ತುದಿಯ ಕಡೆ ಇರುವ ಏಲರಾನ್‌ಗಳು ವಿಮಾನವನ್ನು ಎಡಕ್ಕೋ ಬಲಕ್ಕೋ ವಾಲಿಸುತ್ತವೆ. ಬಾಲದ ನಿಂತ ಹಲಗೆಯಲ್ಲಿರುವ ರಡ್ಡರ್ ದೋಣಿಯ ಚುಕ್ಕಾಣಿಯಂತೆ ಮೂಗನ್ನು ಪಕ್ಕಕ್ಕೆ ತಿರುಗಿಸುತ್ತದೆ. ಮೊದಲಿನ ಎರಡನ್ನು ಕೈಯಿಂದಲೂ ಮೂರನೆಯದನ್ನು ಕಾಲಿನಿಂದಲೂ ನಡೆಸತಕ್ಕದ್ದು. ಸೈಕಲ್ ಸವಾರನು ತಿರುವಿನಲ್ಲಿ ಮೈಯನ್ನು ವಾಲಿಸುವನಷ್ಟೆ? ವಿಮಾನವೂ ವಾಲಿಯೇ ತಿರುಗುತ್ತದೆ.

ಕಲಿಯುವವನು ಮೊದಲು ಅರಿಯಬೇಕಾದ ಅಪಾಯವನ್ನು ಇಂಗ್ಲಿಷಿನಲ್ಲಿ ಸ್ಟಾಲ್ ಎನ್ನುತ್ತಾರೆ. ಇದಕ್ಕೂ ಎಂಜಿನ್ ನಿಲ್ಲುವುದಕ್ಕೂ ಸಂಬಂಧವಿಲ್ಲ. ಮೂಗನ್ನು ಅತಿಯಾಗಿ ಎತ್ತಿದಾಗ, ಅಂದರೆ ರೆಕ್ಕೆ ಬರುವ ಗಾಳಿಗೆ ಸುಮಾರು ೧೫ ಡಿಗ್ರಿಗಿಂತ ಹೆಚ್ಚು ಓರೆಯಾದಾಗ, ಗಾಳಿಯು ರೆಕ್ಕೆಯ ಮೇಲ್ಮೈಯನ್ನು ಬಿಟ್ಟು ಸುಳಿಯಾಗುತ್ತದೆ, ಎತ್ತುವ ಬಲ ಕುಸಿಯುತ್ತದೆ, ವಿಮಾನ ಕೆಳಗಿಳಿಯತೊಡಗುತ್ತದೆ. ಆಗ ಹೆದರಿದ ಮನುಷ್ಯನ ಕೈ ತಾನಾಗಿ ಮೂಗನ್ನು ಇನ್ನೂ ಎತ್ತಲು ನೋಡುತ್ತದೆ. ಮಾಡಬೇಕಾದುದು ಅದಕ್ಕೆ ವಿರುದ್ಧ: ಮೂಗನ್ನು ತಗ್ಗಿಸಿ ರೆಕ್ಕೆಗೆ ಮತ್ತೆ ಗಾಳಿ ಹಿಡಿಯಲು ಬಿಡಬೇಕು. ಶಿಕ್ಷಕನು ಎತ್ತರದಲ್ಲಿ ಬೇಕೆಂದೇ ಈ ಸ್ಥಿತಿಯನ್ನು ತಂದು, ಶಿಷ್ಯನಿಗೆ ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾನೆ. ಹೆದರಿಕೆಯ ಜಾಗದಲ್ಲಿ ಅಭ್ಯಾಸವನ್ನು ಕೂರಿಸುವುದೇ ಈ ಶಿಕ್ಷಣದ ತಿರುಳು.

ಮೋಡದೊಳಗೆ ಹೊಕ್ಕಾಗ ಮತ್ತೊಂದು ಪಾಠವಿದೆ. ನೆಲ ಕಾಣದಿದ್ದಾಗ, ತೂಕ ತಪ್ಪದಂತೆ ನಮ್ಮನ್ನು ಕಾಯುವ ಕಿವಿಯ ಒಳಗಿನ ಅಂಗವು ಸುಳ್ಳು ಹೇಳುತ್ತದೆ. ವಿಮಾನ ವಾಲಿ ಸುತ್ತುತ್ತಿದ್ದರೂ ನೇರವಾಗಿ ಹೋಗುತ್ತಿರುವಂತೆ ಭಾಸವಾಗುತ್ತದೆ. ಆಗ ನಂಬಬೇಕಾದುದು ಮುಂದಿನ ಹಲಗೆಯ ಮೇಲಿನ ಉಪಕರಣಗಳನ್ನು, ಮೈಯನ್ನಲ್ಲ.

೩. ಗಾಳಿ ಮತ್ತು ಓಡುದಾರಿ

ಬೇಗಂಪೇಟೆಯ ಓಡುದಾರಿಯ ಒಂದು ತುದಿಯಲ್ಲಿ ೦೯ ಎಂತಲೂ ಇನ್ನೊಂದು ತುದಿಯಲ್ಲಿ ೨೭ ಎಂತಲೂ ಬರೆದಿದೆ. ಇದರ ಅರ್ಥವೇನು? ದಿಕ್ಸೂಚಿಯಲ್ಲಿ ಉತ್ತರದಿಂದ ಎಣಿಸಿದರೆ ಪೂರ್ವವು ೯೦ ಡಿಗ್ರಿ, ಪಶ್ಚಿಮವು ೨೭೦ ಡಿಗ್ರಿ. ಕೊನೆಯ ಸೊನ್ನೆಯನ್ನು ಬಿಟ್ಟು ಬರೆದರೆ ೦೯ ಮತ್ತು ೨೭. ಅಂದರೆ ಈ ಓಡುದಾರಿ ಪೂರ್ವ ಪಶ್ಚಿಮವಾಗಿ ಮಲಗಿದೆ. ಇನ್ನು ಮುಂದೆ ಯಾವ ಊರಿನ ಓಡುದಾರಿಯ ನಂಬರನ್ನು ಕೇಳಿದರೂ ಅದು ಯಾವ ದಿಕ್ಕಿಗಿದೆಯೆಂದು ಓದುಗರೇ ಹೇಳಬಲ್ಲರು.

ವಿಮಾನವು ಏರುವಾಗಲೂ ಇಳಿಯುವಾಗಲೂ ಗಾಳಿಗೆ ಎದುರಾಗಿರುವುದು ಲೇಸು. ಎದುರುಗಾಳಿಯಿದ್ದರೆ ನೆಲದ ಮೇಲಿನ ಓಟ ಕಡಮೆಯಾಗುತ್ತದೆ. ಮುಂಗಾರಿನಲ್ಲಿ ಪಶ್ಚಿಮದ ಗಾಳಿ ಬೀಸುವಾಗ ವಿಮಾನವು ಪಶ್ಚಿಮಕ್ಕೆ ಮುಖಮಾಡಿ ೨೭ರ ದಿಕ್ಕಿನಲ್ಲಿ ಏರುವುದು ಇದರಿಂದಲೇ.

ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಬೇಗಂಪೇಟೆಯ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು ೫೩೦ ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ. ಕಾದಾಗ ಇನ್ನೂ ತೆಳುವಾಗುತ್ತದೆ. ತೆಳುವಾದ ಗಾಳಿಯಲ್ಲಿ ರೆಕ್ಕೆಗೂ ಎಂಜಿನ್ನಿಗೂ ಬಲ ಕಡಮೆ. ಜನವರಿಯ ಮುಂಜಾನೆ ಸಲೀಸಾಗಿ ಏರುವ ಪುಟ್ಟ ವಿಮಾನವು ಮೇ ತಿಂಗಳ ನಡುಹಗಲಿನಲ್ಲಿ ಹೆಚ್ಚು ದೂರ ಓಡಿ, ಮೆಲ್ಲಗೆ ಏರುತ್ತದೆ.

೪. ಲೈಸೆನ್ಸಿನ ಮೆಟ್ಟಿಲುಗಳು

ನಮ್ಮ ದೇಶದಲ್ಲಿ ಲೈಸೆನ್ಸನ್ನು ಕೊಡುವುದು ದೆಹಲಿಯಲ್ಲಿರುವ ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯ, ಅಂದರೆ ಡಿ.ಜಿ.ಸಿ.ಎ. ಶಿಕ್ಷಣ ಕೊಡುವ ಶಾಲೆಗೂ ಇದೇ ಕಚೇರಿಯ ಒಪ್ಪಿಗೆ ಬೇಕು. ಮೆಟ್ಟಿಲುಗಳು ಮೂರು.

ಮೊದಲನೆಯದು ವಿದ್ಯಾರ್ಥಿ ಚಾಲಕರ ಲೈಸೆನ್ಸು. ವಯಸ್ಸು ೧೬ ತುಂಬಿರಬೇಕು, ಹತ್ತನೆಯ ತರಗತಿ ಪಾಸಾಗಿರಬೇಕು, ದೇಹಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಶಿಕ್ಷಕರ ಮೇಲ್ವಿಚಾರಣೆಯಲ್ಲಿ ಕಲಿಯುವುದಕ್ಕಷ್ಟೇ ಇದು ಸಾಕು.

ಎರಡನೆಯದು ಖಾಸಗಿ ಚಾಲಕರ ಲೈಸೆನ್ಸು. ವಯಸ್ಸು ೧೭. ಒಟ್ಟು ೪೦ ಗಂಟೆಗಳ ಹಾರಾಟ ಬೇಕು. ಅದರಲ್ಲಿ ೨೦ ಗಂಟೆ ಒಂಟಿಯಾಗಿ ಹಾರಿರಬೇಕು. ೧೫೦ ನಾಟಿಕಲ್ ಮೈಲು, ಅಂದರೆ ಸುಮಾರು ೨೭೮ ಕಿಲೋಮೀಟರ್ ದೂರದ ಒಂದು ಪ್ರಯಾಣವನ್ನು ಒಂಟಿಯಾಗಿಯೇ ಮಾಡಿ, ದಾರಿಯಲ್ಲಿ ಬೇರೆ ಬೇರೆ ಎರಡು ಕಡೆ ಇಳಿದಿರಬೇಕು. ಈ ಲೈಸೆನ್ಸು ಇದ್ದವನು ವಿಮಾನ ನಡೆಸಬಹುದು. ಅದಕ್ಕಾಗಿ ಸಂಬಳ ಪಡೆಯುವಂತಿಲ್ಲ.

ಮೂರನೆಯದು ವಾಣಿಜ್ಯ ಚಾಲಕರ ಲೈಸೆನ್ಸು. ಹೊಟ್ಟೆಪಾಡಿಗೆ ಆಗುವುದು ಇದೇ. ವಯಸ್ಸು ೧೮. ಒಟ್ಟು ೨೦೦ ಗಂಟೆಗಳ ಹಾರಾಟ. ಅದರಲ್ಲಿ ೧೦೦ ಗಂಟೆ ತಾನೇ ಜವಾಬ್ದಾರಿ ಹೊತ್ತ ಚಾಲಕನಾಗಿ ನಡೆಸಿರಬೇಕು. ೩೦೦ ನಾಟಿಕಲ್ ಮೈಲಿನ ಒಂದು ಪ್ರಯಾಣವೂ, ರಾತ್ರಿಯ ಹಾರಾಟವೂ, ಉಪಕರಣಗಳನ್ನೇ ನೋಡಿಕೊಂಡು ಹಾರಿದ ಗಂಟೆಗಳೂ ಅದರಲ್ಲಿ ಸೇರಿರಬೇಕು. ೩೦೦ ನಾಟಿಕಲ್ ಮೈಲೆಂದರೆ ಇಲ್ಲಿಂದ ಬೆಂಗಳೂರಿಗೆ ನೇರವಾಗಿ ಹಾರುವ ದೂರಕ್ಕಿಂತ ಸ್ವಲ್ಪ ಹೆಚ್ಚು. ಈ ಲೈಸೆನ್ಸಿಗೆ ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಬೇಕೆಂಬುದು ಬಹಳ ಕಾಲದಿಂದ ನಡೆದುಬಂದ ನಿಯಮ. ಕಲೆ, ವಾಣಿಜ್ಯ ಓದಿದವರು ಈ ಎರಡು ವಿಷಯಗಳನ್ನು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಪಾಸು ಮಾಡಿಕೊಂಡು ಮುಂದೆ ಹೋದ ಉದಾಹರಣೆಗಳಿವೆ. ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿ ಆಗುವುದರಿಂದ, ಅರ್ಜಿ ಹಾಕುವ ಮೊದಲು ಇಲಾಖೆಯ ಅಂದಿನ ನಿಯಮವನ್ನು ನೋಡಿಕೊಳ್ಳತಕ್ಕದ್ದು.

ಇವುಗಳ ಜೊತೆಗೆ ಬರೆಯುವ ಪರೀಕ್ಷೆಗಳಿವೆ: ವಾಯುಮಾರ್ಗ ಗಣನೆ, ಹವಾಮಾನ ಶಾಸ್ತ್ರ, ವಿಮಾನಯಾನದ ಕಾಯಿದೆ ಕಟ್ಟಳೆ, ವಿಮಾನ ಮತ್ತು ಎಂಜಿನ್ನಿನ ತಾಂತ್ರಿಕ ಜ್ಞಾನ. ನೂರಕ್ಕೆ ೭೦ ಅಂಕ ಬಂದರೆ ಪಾಸು. ರೇಡಿಯೋದಲ್ಲಿ ಮಾತನಾಡುವ ಪರೀಕ್ಷೆ ಬೇರೆ ಇದೆ. ಇಲ್ಲಿ ಭಾಷೆ ಇಂಗ್ಲಿಷು. ಕನ್ನಡ ಶಾಲೆಯಲ್ಲಿ ಓದಿದ ಮಕ್ಕಳು ಇದಕ್ಕೆ ಎದೆಗುಂದಬೇಕಾಗಿಲ್ಲ. ರೇಡಿಯೋದ ಮಾತು ಸಾಹಿತ್ಯವಲ್ಲ. ಕಟ್ಟುನಿಟ್ಟಾದ, ಚಿಕ್ಕ ಚಿಕ್ಕ, ಮೊದಲೇ ಗೊತ್ತುಮಾಡಿದ ವಾಕ್ಯಗಳು. ನಿಯಂತ್ರಣ ಗೋಪುರದವರು ಹೇಳಿದ ಎತ್ತರ, ದಿಕ್ಕು, ಓಡುದಾರಿಯ ನಂಬರುಗಳನ್ನು ಚಾಲಕನು ತಿರುಗಿ ಹೇಳಿ ಖಚಿತಪಡಿಸಬೇಕು. ಕಚೇರಿಯಲ್ಲಿ ಮೇಲಧಿಕಾರಿ ಹೇಳಿದ ಅಂಕಿಯನ್ನು ಗುಮಾಸ್ತನು ಮತ್ತೊಮ್ಮೆ ಓದಿ ಒಪ್ಪಿಸುವ ಕ್ರಮವೇ ಇದು.

೫. ಪ್ರತಿದಿನದ ಕಲಿಕೆ

ಹಿಂದೆ ನಮ್ಮ ದೇಶದ ಕ್ಲಬ್ಬುಗಳಲ್ಲಿ ಪುಷ್ಪಕ್ ಎಂಬ ಎರಡಾಳಿನ ವಿಮಾನ ಬಳಕೆಯಲ್ಲಿತ್ತು. ಅದು ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ತಯಾರಾಗಿ ೧೯೫೮ರಲ್ಲಿ ಮೊದಲು ಹಾರಿತು. ಅನಂತರದ ಕಾಲದಲ್ಲಿ ಹೆಸರಾದದ್ದು ಸೆಸ್ನಾ ೧೫೨: ೧೧೦ ಅಶ್ವಶಕ್ತಿಯ ಎಂಜಿನ್, ಅಕ್ಕಪಕ್ಕ ಎರಡು ಆಸನ, ಜನವನ್ನೂ ಪೆಟ್ರೋಲನ್ನೂ ತುಂಬಿದ ಮೇಲೂ ಹೆಚ್ಚೆಂದರೆ ೭೫೭ ಕಿಲೋ ತೂಕ.

ಹಾರುವ ಮೊದಲು ಶಿಷ್ಯನು ವಿಮಾನವನ್ನು ಸುತ್ತಿ ಬಂದು, ಎಣ್ಣೆ, ಪೆಟ್ರೋಲು, ಚಕ್ರ, ಕೀಲುಗಳನ್ನು ಮುಟ್ಟಿ ನೋಡುತ್ತಾನೆ. ಪೆಟ್ರೋಲಿನಲ್ಲಿ ನೀರು ಸೇರಿದೆಯೇ ಎಂದು ಗಾಜಿನ ಬಟ್ಟಲಿಗೆ ಇಳಿಸಿ ಪರೀಕ್ಷಿಸುತ್ತಾನೆ. ಇದೆಲ್ಲಕ್ಕೂ ಅಚ್ಚಾದ ಪಟ್ಟಿಯೊಂದಿದೆ. ನೂರು ಸಲ ಹಾರಿದವನೂ ಅದನ್ನು ಓದಿಯೇ ನೋಡಬೇಕು; ಬಾಯಿಪಾಠವನ್ನು ನಂಬುವಂತಿಲ್ಲ.

ಬಳಿಕ ಓಡುದಾರಿಯ ಸುತ್ತ ಚೌಕವಾಗಿ ಹಾರಿ ಇಳಿಯುವ ಅಭ್ಯಾಸ. ಏರುವುದು ಸುಲಭ, ಇಳಿಯುವುದರಲ್ಲಿ ವಿದ್ಯೆಯಿದೆ. ಇಪ್ಪತ್ತು ಮೂವತ್ತು ಸಲ ಇಳಿದರೂ ಕೈಗೆ ಹತ್ತದೆ ಕಣ್ಣೀರು ತಂದುಕೊಳ್ಳುವವರುಂಟು. ಒಂದು ದಿನ ಶಿಕ್ಷಕನು ಬಾಗಿಲು ತೆರೆದು ಇಳಿದು, ‘ಈಗ ಒಬ್ಬನೇ ಒಂದು ಸುತ್ತು ಹೋಗಿ ಬಾ’ ಎನ್ನುತ್ತಾನೆ. ಪಕ್ಕದ ಆಸನ ಖಾಲಿಯಾದುದರಿಂದ ವಿಮಾನ ಹಗುರಾಗಿ ಬೇಗ ಏರುತ್ತದೆ. ಆ ಐದಾರು ನಿಮಿಷ ಸಹಾಯಕ್ಕೆ ಬೇರೆ ಕೈಯಿಲ್ಲ. ಮೊದಲ ಒಂಟಿ ಹಾರಾಟವೆಂದರೆ ಇದೇ.

ಪ್ರತಿ ಹಾರಾಟವನ್ನೂ ಲಾಗ್‌ಬುಕ್ಕಿನಲ್ಲಿ ಬರೆಯಬೇಕು: ತಾರೀಖು, ವಿಮಾನದ ನಂಬರು, ಹೊರಟ ಸ್ಥಳ, ಇಳಿದ ಸ್ಥಳ, ಹಾರಿದ ಅವಧಿ, ಶಿಕ್ಷಕನಿದ್ದನೇ ಇಲ್ಲವೇ. ಅದರ ಮೇಲೆ ಜವಾಬ್ದಾರರ ರುಜು. ಇದು ಖಜಾನೆಯ ರೋಜುಪುಸ್ತಕದಷ್ಟೇ ಪವಿತ್ರ. ೨೦೧೧ರಲ್ಲಿ ಸುಳ್ಳು ಅಂಕಪಟ್ಟಿಗಳನ್ನು ತೋರಿಸಿ ಲೈಸೆನ್ಸು ಪಡೆದ ಕೆಲವರು ಸಿಕ್ಕಿಬಿದ್ದು, ಲೈಸೆನ್ಸನ್ನೂ ಕೆಲಸವನ್ನೂ ಕಳೆದುಕೊಂಡು ಸೆರೆಮನೆಯನ್ನು ಕಂಡರು. ಕಾಗದದ ಮೇಲೆ ಕೂಡಿಸಿದ ಸುಳ್ಳು ಗಂಟೆಯಾಗಲಿ, ಸುಳ್ಳು ಅಂಕವಾಗಲಿ ಬಿರುಗಾಳಿಯಲ್ಲಿ ಕೈಹಿಡಿಯುವುದಿಲ್ಲ.

೬. ಅಭ್ಯಾಸಕ್ಕೊಂದು ಲೆಕ್ಕ

ಓದುಗರು ಪೆನ್ಸಿಲು ಹಿಡಿಯಲಿ. ವಿಮಾನದ ವೇಗ ಗಾಳಿಯಲ್ಲಿ ಗಂಟೆಗೆ ೯೦ ನಾಟಿಕಲ್ ಮೈಲು. ಹೋಗಬೇಕಾದ ದೂರ ೧೪೦ ನಾಟಿಕಲ್ ಮೈಲು. ಪೆಟ್ರೋಲು ಗಂಟೆಗೆ ೨೩ ಲೀಟರ್ ಬೇಕು. ಗಾಳಿಯಿಲ್ಲದಿದ್ದರೆ ಎಷ್ಟು ಹೊತ್ತು, ಎಷ್ಟು ಪೆಟ್ರೋಲು? ೧೪೦ನ್ನು ೯೦ರಿಂದ ಭಾಗಿಸಿದರೆ ಸುಮಾರು ೧ ಗಂಟೆ ೩೩ ನಿಮಿಷ. ಪೆಟ್ರೋಲು ಸುಮಾರು ೩೬ ಲೀಟರ್.

ಈಗ ಗಂಟೆಗೆ ೨೦ ನಾಟಿಕಲ್ ಮೈಲಿನ ಎದುರುಗಾಳಿ ಬೀಸಿತೆನ್ನಿ. ನೆಲದ ಮೇಲೆ ವಿಮಾನ ಸಾಗುವ ವೇಗ ೭೦ಕ್ಕೆ ಇಳಿಯುತ್ತದೆ. ೧೪೦ನ್ನು ೭೦ರಿಂದ ಭಾಗಿಸಿದರೆ ೨ ಗಂಟೆ. ಪೆಟ್ರೋಲು ೪೬ ಲೀಟರ್. ಗಾಳಿಯನ್ನು ಲೆಕ್ಕಕ್ಕೆ ಹಿಡಿಯದೆ ೩೬ ಲೀಟರನ್ನಷ್ಟೇ ತುಂಬಿಸಿಕೊಂಡು ಹೊರಟವನಿಗೆ ಊರು ಮುಟ್ಟಲು ಇನ್ನೂ ೨೬ ನಿಮಿಷ ಇರುವಾಗಲೇ ಎಂಜಿನ್ ನಿಂತುಹೋಗುತ್ತದೆ. ಆದುದರಿಂದಲೇ ದಾರಿಗೆ ಬೇಕಾದುದರ ಮೇಲೆ ಮೀಸಲು ಪೆಟ್ರೋಲನ್ನು ಇಟ್ಟುಕೊಳ್ಳುವುದು ಕಡ್ಡಾಯ. ಈ ಲೆಕ್ಕವನ್ನು ಮಾಡಿದ ಓದುಗರು ವಾಯುಮಾರ್ಗ ಗಣನೆಯ ಮೊದಲ ಪಾಠವನ್ನು ಮುಗಿಸಿದಂತಾಯಿತು. ಇದರಲ್ಲಿ ನಮ್ಮ ಶಾಲೆಗಳ ಗಣಿತಕ್ಕೆ ಮೀರಿದ್ದು ಯಾವುದೂ ಇಲ್ಲ.

೭. ಹಣದ ಮಾತು

ಇನ್ನು ಕಹಿಯಾದ ಸಂಗತಿ. ವಾಣಿಜ್ಯ ಲೈಸೆನ್ಸಿನ ಶಿಕ್ಷಣಕ್ಕೆ ಈಗಿನ ದಿನಗಳಲ್ಲಿ ೪೦ರಿಂದ ೫೦ ಲಕ್ಷ ರೂಪಾಯಿ ತಗಲುವುದು ಸಾಮಾನ್ಯ. ಅದನ್ನು ೨೦೦ ಗಂಟೆಗಳಿಗೆ ಹಂಚಿದರೆ ಗಂಟೆಗೆ ೨೦ರಿಂದ ೨೫ ಸಾವಿರ. ತಿಂಗಳಿಗೆ ೨೫ ಸಾವಿರ ಎಣಿಸುವ ಗುಮಾಸ್ತನ ಇಡೀ ಸಂಬಳ ಆಕಾಶದಲ್ಲಿ ಒಂದು ಗಂಟೆಗೆ ಕರಗಿಹೋಗುತ್ತದೆ. ಇದಾದ ಮೇಲೂ ದೊಡ್ಡ ವಿಮಾನ ನಡೆಸಬೇಕಾದರೆ ಆಯಾ ಮಾದರಿಯ ವಿಮಾನಕ್ಕೆ ಬೇರೆ ಶಿಕ್ಷಣ ಬೇಕು. ಅದಕ್ಕೆ ಮತ್ತೆ ಹತ್ತು ಲಕ್ಷದ ಮೇಲೆ ಖರ್ಚು. ಲೈಸೆನ್ಸು ಬಂದ ಕೂಡಲೆ ನೌಕರಿ ಬಂದಿತೆಂದು ಅರ್ಥವಲ್ಲ. ವರ್ಷಗಟ್ಟಲೆ ಕಾದವರು ಎಷ್ಟೋ ಜನ.

ಹಾಗಾದರೆ ಬಡವರಿಗೆ ಈ ಬಾಗಿಲು ಮುಚ್ಚಿದೆಯೇ? ಮುಚ್ಚಿಲ್ಲ, ಕಿರಿದಾಗಿದೆ. ಈ ನಗರದ ಹಳೆಯ ಊರಿನಲ್ಲಿ ಬೇಕರಿ ಕೆಲಸಗಾರರೊಬ್ಬರ ಮಗಳು ಸೈಯದಾ ಸಲ್ವಾ ಫಾತಿಮಾ ಚಿಕ್ಕಂದಿನಿಂದ ಚಾಲಕಿಯಾಗಬೇಕೆಂದು ಹಟ ಹಿಡಿದರು. ಉರ್ದು ದಿನಪತ್ರಿಕೆ ಸಿಯಾಸತ್ತಿನ ಸಂಪಾದಕರು ಶಿಕ್ಷಣದ ಖರ್ಚಿಗೆ ನೆರವಾದರು. ಬೇಗಂಪೇಟೆಯ ಅಕಾಡೆಮಿಯಲ್ಲಿ ಗಂಟೆಗಳನ್ನು ಪೂರೈಸಿ ಅವರು ವಾಣಿಜ್ಯ ಲೈಸೆನ್ಸನ್ನು ಪಡೆದರು. ಅಷ್ಟಕ್ಕೇ ಕೆಲಸ ದೊರೆಯಲಿಲ್ಲ; ಮುಂದಿನ ಶಿಕ್ಷಣಕ್ಕೆ ತೆಲಂಗಾಣ ಸರಕಾರ ಹಣ ಮಂಜೂರು ಮಾಡಿತು. ಅನೇಕ ವರ್ಷಗಳ ಆ ದಾರಿ ಕೊನೆಗೆ ಅವರನ್ನು ದೊಡ್ಡ ವಿಮಾನದ ಚಾಲಕಿಯಾಗಿ ಮಾಡಿತು. ಅವರ ಹಟವನ್ನು ಮೆಚ್ಚೋಣ; ಆದರೆ ಹಿಂದೆ ನಿಂತ ನೆರವಿನ ಕೈಗಳನ್ನೂ ಎಣಿಸೋಣ. ಹಟವೊಂದೇ ಪೆಟ್ರೋಲಿನ ಬಿಲ್ಲನ್ನು ತೀರಿಸಲಾರದು.

೮. ಕಡಮೆ ಖರ್ಚಿನ ದಾರಿಗಳು

ಒಂದನೆಯದು ವಾಯುಸೇನೆ. ಇಲ್ಲಿ ಶಿಕ್ಷಣದ ಖರ್ಚೆಲ್ಲ ಸರಕಾರದ್ದು. ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ಗಣಿತ ಓದಿದವರು ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆ ಬರೆಯಬಹುದು. ೨೦೨೨ರಿಂದ ಅಲ್ಲಿ ಹುಡುಗಿಯರೂ ಸೇರ್ಪಡೆಯಾಗಿದ್ದಾರೆ. ಪದವೀಧರರಿಗೆ ಬೇರೆ ಪ್ರವೇಶ ಪರೀಕ್ಷೆಯಿದೆ. ಚಾಲಕನಾಗುವ ಯೋಗ್ಯತೆಯನ್ನು ಅಳೆಯುವ ಪರೀಕ್ಷೆಗೆ ಜನ್ಮದಲ್ಲಿ ಒಂದೇ ಅವಕಾಶ. ಗೆದ್ದವರು ಕಲಿಯುವ ಸ್ಥಳಗಳು ನಮ್ಮವರು ಬಸ್ಸಿನಲ್ಲಿ ಓಡಾಡುವ ಊರುಗಳೇ: ದುಂಡಿಗಲ್ಲಿನ ವಾಯುಸೇನಾ ಅಕಾಡೆಮಿ, ಹಕೀಂಪೇಟೆ, ಬೀದರ, ಯಲಹಂಕ. ಬೀದರದಲ್ಲಿ ೨೦೦೮ರಿಂದ ಹಾಕ್ ಜೆಟ್ ವಿಮಾನಗಳ ಮೇಲೆ ಶಿಕ್ಷಣ ನಡೆಯುತ್ತ ಬಂದಿದೆ. ೨೦೧೬ರ ಜೂನ್ ೧೮ರಂದು ದೇಶದ ಮೊದಲ ಮೂವರು ಮಹಿಳಾ ಯುದ್ಧ ವಿಮಾನ ಚಾಲಕಿಯರಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಅಧಿಕಾರ ಪಡೆದದ್ದು ದುಂಡಿಗಲ್ಲಿನ ಮೈದಾನದಲ್ಲಿ.

ಎರಡನೆಯದು ಎನ್.ಸಿ.ಸಿ.ಯ ವಾಯುವಿಭಾಗ. ಶಾಲೆ ಕಾಲೇಜಿನಲ್ಲಿ ಅದಿದ್ದರೆ ಮಕ್ಕಳನ್ನು ಸೇರಿಸಬೇಕು. ಕೆಡೆಟ್ಟುಗಳಿಗೆ ಪುಟ್ಟ ವಿಮಾನದಲ್ಲಿ ಹಾರುವ ಅನುಭವ ದೊರೆಯುತ್ತದೆ. ಈ ಕೆಲಸ ತನಗೆ ಒಗ್ಗುವುದೇ ಇಲ್ಲವೇ ಎಂದು ತಿಳಿಯಲು ಇದಕ್ಕಿಂತ ಅಗ್ಗದ ದಾರಿಯಿಲ್ಲ.

ಮೂರನೆಯದು ವಿದ್ಯಾರ್ಥಿವೇತನ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೊಡುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ವಾಣಿಜ್ಯ ಚಾಲಕರ ಶಿಕ್ಷಣವೂ ಸೇರಿದೆ. ನಮ್ಮಲ್ಲಿ ಬಹಳ ಜನ ಇದನ್ನು ಅರಿಯರು. ಎರಡು ರಾಜ್ಯಗಳ ನಡುವೆ ಬಾಳುವ ನಮಗೆ ವಾಸದ ಪತ್ರ, ಜಾತಿಯ ಪತ್ರಗಳ ತೊಡಕು ಇದ್ದದ್ದೇ. ಮಕ್ಕಳು ಹತ್ತನೆಯ ತರಗತಿಯಲ್ಲಿರುವಾಗಲೇ ಅವನ್ನು ಸರಿಮಾಡಿಸಿಕೊಳ್ಳುವುದು ಲೇಸು.

ನಾಲ್ಕನೆಯದು ನೆಲದ ಮೇಲೆ ನಿಂತೇ ನಡೆಸುವ ಡ್ರೋನ್. ೨೦೨೧ರ ಡ್ರೋನ್ ನಿಯಮಗಳ ಪ್ರಕಾರ ೧೮ ವರ್ಷ ತುಂಬಿದ, ಹತ್ತನೆಯ ತರಗತಿ ಪಾಸಾದವರು ಒಪ್ಪಿಗೆ ಪಡೆದ ಶಾಲೆಯಲ್ಲಿ ಕಲಿತು ಪ್ರಮಾಣಪತ್ರವನ್ನು ಪಡೆಯಬಹುದು. ಹೊಲಕ್ಕೆ ಔಷಧ ಸಿಂಪಡಿಸಲು, ಭೂಮಿ ಅಳೆಯಲು ಈ ಕೆಲಸಗಾರರು ಬೇಕಾಗುತ್ತಾರೆ. ಇದಕ್ಕೆ ದಿನಗಟ್ಟಲೆಯ ಕಲಿಕೆ ಸಾಕು, ವರ್ಷಗಳು ಬೇಡ. ದುಡಿಯುವ ತರುಣನಿಗೆ ಎಟಕುವ ಕೊಂಬೆ ಇದು.

೯. ಮನೆಯವರಿಗೆ ಕಿವಿಮಾತು

ನಮ್ಮ ಸಲಹೆಯ ಅನುಕ್ರಮ ಇಷ್ಟೇ: ಮೊದಲು ವೈದ್ಯರು, ಆಮೇಲೆ ಪುಸ್ತಕ, ಕೊನೆಯಲ್ಲಿ ಹಣ.

ಶಾಲೆಗೆ ಒಂದು ರೂಪಾಯಿ ಕಟ್ಟುವ ಮೊದಲು ದೇಹಪರೀಕ್ಷೆ ಮಾಡಿಸಬೇಕು. ಮೊದಲ ಮೆಟ್ಟಿಲಿಗೆ ಎರಡನೆಯ ದರ್ಜೆಯ ಪರೀಕ್ಷೆ, ವಾಣಿಜ್ಯ ಲೈಸೆನ್ಸಿಗೆ ಒಂದನೆಯ ದರ್ಜೆಯದು. ಇದನ್ನು ನಡೆಸುವ ಕೇಂದ್ರಗಳಲ್ಲಿ ಬೆಂಗಳೂರಿನ ವಾಯು ಅಂತರಿಕ್ಷ ವೈದ್ಯಕೀಯ ಸಂಸ್ಥೆಯೂ ಒಂದು. ಕನ್ನಡಕ ಹಾಕಿದವರು ಚಾಲಕರಾಗಲಾರರೆಂಬ ನಂಬಿಕೆ ನಾಗರಿಕ ವಿಮಾನಗಳ ಮಟ್ಟಿಗೆ ನಿಜವಲ್ಲ. ಕನ್ನಡಕದಿಂದ ನೋಟ ಸರಿಹೋದರೆ ಸಾಕು. ಆದರೆ ಬಣ್ಣಗಳನ್ನು ಗುರುತಿಸಲಾರದವರಿಗೆ ದೊಡ್ಡ ತೊಡಕಿದೆ. ಹೊಲ ಮಾರಿದ ಮೇಲೆ ಇದು ತಿಳಿದರೆ ಏನು ಫಲ?

ಬಳಿಕ ಪುಸ್ತಕ. ಹವಾಮಾನ, ಕಾಯಿದೆ, ಮಾರ್ಗಗಣನೆಗಳನ್ನು ನೆಲದ ಮೇಲೆ ಕುಳಿತೇ ಕಲಿಯಬಹುದು. ಬರೆಯುವ ಪರೀಕ್ಷೆಗಳನ್ನು ಮೊದಲೇ ಮುಗಿಸಿದವನಿಗೆ ಹಾರಾಟದ ಗಂಟೆಗಳು ದಂಡವಾಗುವುದಿಲ್ಲ. ಪರೀಕ್ಷೆಯಲ್ಲಿ ಎರಡು ಮೂರು ಸಲ ಸೋತರೆ ಹೋಗುವುದು ಸ್ವಲ್ಪ ಶುಲ್ಕ. ವಿಮಾನದಲ್ಲಿ ಕುಳಿತು ತಡಬಡಿಸಿದರೆ ಹೋಗುವುದು ತಿಂಗಳ ಸಂಬಳ.

ಕೊನೆಯಲ್ಲಿ ಹಣ. ಶಾಲೆಗೆ ಡಿ.ಜಿ.ಸಿ.ಎ. ಒಪ್ಪಿಗೆ ಇದೆಯೇ, ಹಾರುವ ಸ್ಥಿತಿಯಲ್ಲಿರುವ ವಿಮಾನಗಳು ಎಷ್ಟು, ಶಿಕ್ಷಕರು ಎಷ್ಟು, ಕಳೆದ ವರ್ಷ ಸೇರಿದವರು ತಿಂಗಳಿಗೆ ಎಷ್ಟು ಗಂಟೆ ಹಾರಿದರು ಎಂಬುದನ್ನು ಅಲ್ಲಿ ಕಲಿಯುತ್ತಿರುವ ಹುಡುಗರನ್ನೇ ಕೇಳಿ ತಿಳಿಯಬೇಕು. ಪೂರ್ಣ ಹಣವನ್ನು ಒಮ್ಮೆಗೇ ಕಟ್ಟಬಾರದು. ಹಾರಿದ ಗಂಟೆಗೆ ತಕ್ಕಂತೆ ಕಂತುಗಳಲ್ಲಿ ಕಟ್ಟಿ ರಸೀತಿ ಪಡೆಯಬೇಕು. ಇಂತಿಷ್ಟು ತಿಂಗಳಲ್ಲಿ ಲೈಸೆನ್ಸು, ಲೈಸೆನ್ಸಿನ ಜೊತೆಗೇ ನೌಕರಿ ಎಂದು ಬಾಯಿಮಾತಿನಲ್ಲಿ ಭರವಸೆ ಕೊಡುವವರಿಂದ ದೂರವಿರಬೇಕು. ಮಳೆ, ಮಂಜು, ಯಂತ್ರದ ದುರಸ್ತಿ ಇವು ಯಾರ ಭರವಸೆಗೂ ಕಟ್ಟುಬೀಳುವುದಿಲ್ಲ.

ಮನೆಯಲ್ಲಿ ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳಿದ್ದು ಅವರು ಆಕಾಶ ನೋಡಿ ಆಸೆಪಟ್ಟರೆ ಗದರಿಸಬೇಡಿ, ಸಾಲಕ್ಕೂ ಓಡಬೇಡಿ. ಈ ವಯಸ್ಸಿನಲ್ಲಿ ಅವರಿಗೆ ಬೇಕಾದುದು ಗಣಿತ, ಭೌತಶಾಸ್ತ್ರ, ನಾಲ್ಕು ವಾಕ್ಯ ತಪ್ಪಿಲ್ಲದ ಇಂಗ್ಲಿಷು, ಒಳ್ಳೆಯ ನಿದ್ರೆ, ಮಾಡಿದ ಕೆಲಸವನ್ನು ಅಂದೇ ಬರೆದಿಡುವ ಅಭ್ಯಾಸ. ಇವಕ್ಕೆ ಲಕ್ಷಗಳು ಬೇಡ. ಆರನೆಯ ಭಾಗದ ಪೆಟ್ರೋಲಿನ ಲೆಕ್ಕವನ್ನು ಈ ರಾತ್ರಿ ಅವರ ಮುಂದಿಟ್ಟು, ಇಪ್ಪತ್ತು ಮೈಲಿನ ಗಾಳಿ ಎದುರಿನಿಂದ ಬೀಸದೆ ಬೆನ್ನಿನಿಂದ ಬೀಸಿದರೆ ಎಷ್ಟು ಹೊತ್ತು, ಎಷ್ಟು ಲೀಟರ್ ಎಂದು ಕೇಳಿ ನೋಡಿ.